ಬಿಡುಗಡೆ ದಿನವೇ ಹೊಸ ಫೋನ್: ಬುಕಿಂಗ್‌ನಿಂದ ಹಳೆ ಫೋನ್ ಅಳಿಸುವ ತನಕ

ಎರಡು ವರ್ಷದ ಹಿಂದಿನ ಮಾತು. ಮಾರಾಟ ಶುರುವಾದ ಮೊದಲ ದಿನವೇ ಹೊಸ ಫೋನ್ ಕೊಂಡು, ಮನೆಗೆ ಹೋಗುವ ದಾರಿಯಲ್ಲಿ ಮಲ್ಲೇಶ್ವರದ ಒಂದು ದರ್ಶಿನಿಗೆ ಹೊಕ್ಕೆ. ಬೆಳಗ್ಗೆಯಿಂದ ಕ್ಯೂನಲ್ಲಿ ನಿಂತು ಹೊಟ್ಟೆ ಚುರುಗುಟ್ಟುತ್ತಿತ್ತು. 'ಒಂದು ಸೆಟ್ ದೋಸೆ, ಒಂದು ಕಾಫಿ' ಅಂದೆ. ಕೌಂಟರಿನಲ್ಲಿದ್ದವರು ಕ್ಯೂಆರ್ ಕೋಡನ್ನು ನನ್ನ ಕಡೆ ತಿರುಗಿಸಿದರು. ನಾನು ಠೀವಿಯಿಂದ ಹೊಸ ಫೋನ್ ತೆಗೆದೆ. ಯುಪಿಐ ಆ್ಯಪ್ ತೆರೆದರೆ ಮೊಬೈಲ್ ನಂಬರ್ ಖಚಿತಪಡಿಸಿ ಅಂತು. ಒತ್ತಿದೆ. ಚಕ್ರ ಸುತ್ತಿ ಸುತ್ತಿ ನಿಂತಿತು. ಎಸ್ಸೆಮ್ಮೆಸ್ ಹೋಗಲೇ ಇಲ್ಲ. ಮತ್ತೆ ಒತ್ತಿದೆ. ಹಿಂದೆ ನಿಂತವರು ಗಂಟಲು ಸರಿಮಾಡಿಕೊಂಡರು. ಜೇಬಲ್ಲಿ ಇದ್ದದ್ದು ಹತ್ತು ರೂಪಾಯಿಯ ಒಂದು ನಾಣ್ಯ. 'ಹಳೇ ಫೋನಿಂದ ಹಾಕಿ ಸಾರ್' ಅಂದರು ಕೌಂಟರಿನವರು. ಹಳೇ ಫೋನು ಅರ್ಧ ಗಂಟೆ ಮುಂಚೆ ಅಂಗಡಿಯವರ ಡ್ರಾಯರ್ ಸೇರಿತ್ತು. ದೋಸೆ ತಿನ್ನದೆ ಈಚೆ ಬಂದೆ.

ಆವತ್ತು ಮಾಡಿದ ತಪ್ಪು ಎರಡು. ಅಂಗಡಿಯಲ್ಲೇ ನಿಂತು ಸಿಮ್ಮನ್ನು ಇ-ಸಿಮ್‌ಗೆ, ಅಂದರೆ ಪ್ಲಾಸ್ಟಿಕ್ ಚಿಪ್ ಇಲ್ಲದೆ ಫೋನಿನೊಳಗೇ ಇರುವ ಸಿಮ್‌ಗೆ, ಬದಲಿಸಿದೆ. ಅಲ್ಲೇ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟೆ. ಸಿಮ್ ಬದಲಿಸಿದರೆ, ಅದು ಹೊಸ ಸಿಮ್ ಆಗಲಿ ಇ-ಸಿಮ್ ಆಗಲಿ, ಚಾಲೂ ಆದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಯಾರೋ ಕಳ್ಳ ನಿಮ್ಮ ನಂಬರಿನ ಡುಪ್ಲಿಕೇಟ್ ಸಿಮ್ ತೆಗೆದು ಖಾತೆ ಗುಡಿಸಿಬಿಡದಿರಲಿ ಎಂದು ಇಟ್ಟಿರುವ ನಿಯಮ ಅದು. ಒಳ್ಳೆಯ ನಿಯಮವೇ. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಆಮೇಲಿಂದ ಮನೆಯಲ್ಲಿ, ನೆಂಟರಲ್ಲಿ ಯಾರೇ ಫೋನ್ ಕೊಂಡರೂ ಒಂದೇ ಮಾತು ಹೇಳುತ್ತೇನೆ. ಬಾಡಿಗೆ ಮನೆ ಬದಲಿಸಿದ ಹಾಗೆ ಇದು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಮುಂಚೆ ಹಳೆ ಮನೆಯ ಬೀಗದ ಕೈ ಕೊಡಬೇಡಿ. ಕ್ಯೂ ನಿಲ್ಲುವುದು, ಬುಕ್ ಮಾಡುವುದು ಸುಲಭ. ಗಂಟುಮೂಟೆ ಸಾಗಿಸುವುದೇ ಕಷ್ಟ.

ಮೊದಲ ದಿನವೇ ಬೇಕಾ?

ಕೆಲವರಿಗೆ ಬೇಕು. ತಪ್ಪೇನಿಲ್ಲ. ಆದರೆ ಲೆಕ್ಕ ಗೊತ್ತಿರಲಿ. ಆಂಡ್ರಾಯ್ಡ್ ಫೋನುಗಳ ಬೆಲೆ ಕೆಲವೇ ತಿಂಗಳಲ್ಲಿ ಇಳಿಯುವುದು ಮಾಮೂಲು. ದಸರಾ, ದೀಪಾವಳಿ ಸೇಲಿನಲ್ಲಿ ಇನ್ನೂ ಇಳಿಯುತ್ತದೆ. ಹಾಗಾಗಿ ಮುಂಗಡ ಬುಕಿಂಗ್‌ನಲ್ಲಿ ಏನಾದರೂ ಜಾಸ್ತಿ ಸಿಕ್ಕರೆ ಮಾತ್ರ ಮೊದಲ ದಿನಕ್ಕೆ ಅರ್ಥ. ಸ್ಯಾಮ್‌ಸಂಗ್ ತನ್ನ ದುಬಾರಿ ಗ್ಯಾಲಕ್ಸಿ ಎಸ್ ಫೋನುಗಳಿಗೆ 256 ಜಿಬಿ ದುಡ್ಡಿಗೆ 512 ಜಿಬಿ ಕೊಟ್ಟದ್ದುಂಟು. ಅಂಥದ್ದು ಲಾಭವೇ. ಬರೀ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರೆ ಕಾಯಿರಿ. ಐಫೋನ್ ಬೆಲೆ ಅಷ್ಟು ಬೇಗ ಇಳಿಯುವುದಿಲ್ಲ. ಆದರೆ ಹೊಸದು ಬಂದ ಕೂಡಲೇ ಹಿಂದಿನ ವರ್ಷದ್ದು ಇಳಿಯುತ್ತದೆ. ನಿಮ್ಮ ಕೆಲಸಕ್ಕೆ ಅದೇ ಸಾಕಾಗಬಹುದು, ಅಲ್ವಾ?

ದಿನಾಂಕಗಳು ಹೇಗಿರುತ್ತವೆ ಎಂದು ತಿಳಿಯಲು ಒಂದು ಉದಾಹರಣೆ. ಐಫೋನ್ 17 ಘೋಷಣೆ ಆದದ್ದು 2025ರ ಸೆಪ್ಟೆಂಬರ್ 9, ಮಂಗಳವಾರ. ಬುಕಿಂಗ್ ತೆರೆದದ್ದು ಸೆಪ್ಟೆಂಬರ್ 12, ಶುಕ್ರವಾರ ಸಂಜೆ 5.30ಕ್ಕೆ. ಮಾರಾಟ ಸೆಪ್ಟೆಂಬರ್ 19, ಮತ್ತೆ ಶುಕ್ರವಾರ. ಅಂದರೆ ಘೋಷಣೆಗೂ ಮಾರಾಟಕ್ಕೂ ನಡುವೆ ಹತ್ತು ದಿನ ಸಿಕ್ಕಿತು. ಆ ಹತ್ತು ದಿನವನ್ನು ಬಣ್ಣ ಆರಿಸುವುದರಲ್ಲಿ ಕಳೆಯಬೇಡಿ. ಕೆಳಗಿನ ತಯಾರಿಗೆ ಬಳಸಿ.

ಒಂದು ವಾರ ಮೊದಲು: ದುಡ್ಡಿನ ಕೆಲಸ

ಐಫೋನ್ 17ರ 256 ಜಿಬಿ ಮಾದರಿ 82,900 ರೂಪಾಯಿಗೆ ಬಂತು. ಅದರೊಳಗೆ 18% ಜಿಎಸ್‌ಟಿ ಸೇರಿದೆ, ಸುಮಾರು 12,646 ರೂಪಾಯಿ. ನಿಮ್ಮದೇ ಜಿಎಸ್‌ಟಿ ನೋಂದಣಿ ಇದ್ದು, ಫೋನು ವ್ಯವಹಾರಕ್ಕೇ ಕೊಳ್ಳುತ್ತಿದ್ದರೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ. ಬಿಲ್ ಆದ ಮೇಲೆ 'ಸೇರಿಸಿಕೊಡಿ' ಅಂದರೆ ಯಾರೂ ಸುಲಭವಾಗಿ ಸೇರಿಸುವುದಿಲ್ಲ.

'ನೋ ಕಾಸ್ಟ್ ಇಎಂಐ' ಎಂಬ ಹೆಸರಿಗೆ ಮರುಳಾಗಬೇಡಿ. ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಆ ಬಡ್ಡಿಯಷ್ಟನ್ನು ಅಂಗಡಿಯವರು ಮೊದಲೇ ಬೆಲೆಯಲ್ಲಿ ಕಳೆಯುತ್ತಾರೆ. ಆದರೆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಿಮ್ಮ ತಲೆಗೇ. 80,000 ರೂಪಾಯಿ ಫೋನು, ಆರು ಕಂತು, ವರ್ಷಕ್ಕೆ 16% ಬಡ್ಡಿ ಅಂತ ಇಟ್ಟುಕೊಳ್ಳಿ. ಬಡ್ಡಿ ಸುಮಾರು 3,600 ಆಗುತ್ತದೆ. ಅದಕ್ಕೆ ಜಿಎಸ್‌ಟಿ 650ರ ಹತ್ತಿರ. ಮೇಲೆ ಪ್ರೊಸೆಸಿಂಗ್ ಫೀ. ದೊಡ್ಡ ಮೊತ್ತವಲ್ಲ, ಆದರೆ 'ನೋ ಕಾಸ್ಟ್' ಅಂತೂ ಅಲ್ಲ.

ಬ್ಯಾಂಕ್ ಆ್ಯಪ್ ತೆರೆದು ನಿಮ್ಮ ಕಾರ್ಡಿನ ಲಿಮಿಟ್ ನೋಡಿ. ಒಟ್ಟು ಲಿಮಿಟ್ ಒಂದು, ಒಂದು ಸಲಕ್ಕೆ ಎಷ್ಟು ಎಂಬುದು ಇನ್ನೊಂದು. ಆನ್‌ಲೈನ್‌ಗೂ ಅಂಗಡಿಯ ಮೆಷಿನ್‌ಗೂ ಬೇರೆ ಬೇರೆ ಸ್ವಿಚ್ ಇರುತ್ತದೆ. ಸಾಮಾನ್ಯ ಯುಪಿಐ ಪಾವತಿಗೆ ದಿನಕ್ಕೆ ಒಂದು ಲಕ್ಷದ ಮಿತಿ ಇರುವುದರಿಂದ ಅದಕ್ಕಿಂತ ದುಬಾರಿ ಫೋನನ್ನು ಯುಪಿಐಯಲ್ಲೇ ಕೊಂಡುಬಿಡುತ್ತೇನೆ ಎಂದು ಹೊರಡಬೇಡಿ. ಇನ್ನೊಂದು ಸಣ್ಣ ಮಾತು: ಕ್ರೆಡಿಟ್ ಕಾರ್ಡಿನ ಪಿನ್ ನೆನಪಿದೆಯಾ? ವರ್ಷಗಟ್ಟಲೆ ಆನ್‌ಲೈನ್‌ನಲ್ಲೇ ಬಳಸಿದವರಿಗೆ ಮೆಷಿನ್ ಮುಂದೆ ಪಿನ್ ಮರೆತಿರುತ್ತದೆ. ನನ್ನ ಭಾವನಿಗೆ ಹಾಗೇ ಆಯಿತು. ಮೂರು ಸಲ ತಪ್ಪು ಒತ್ತಿ ಕಾರ್ಡು ಲಾಕ್.

ಎಲ್ಲಿ ಕೊಳ್ಳುವುದು?

ಬೆಂಗಳೂರಲ್ಲಿ ದಾರಿ ಮೂರು: ಕಂಪನಿಯದೇ ಅಂಗಡಿ, ಎಲ್ಲ ಬ್ರ್ಯಾಂಡ್ ಇಡುವ ದೊಡ್ಡ ಅಂಗಡಿ, ಆನ್‌ಲೈನ್.

ಆ್ಯಪಲ್ ತನ್ನ ಸ್ವಂತ ಅಂಗಡಿಯನ್ನು ಇಲ್ಲಿ ತೆರೆದದ್ದು 2025ರ ಸೆಪ್ಟೆಂಬರ್ 2ರಂದು, ಬಳ್ಳಾರಿ ರಸ್ತೆಯ ಫೀನಿಕ್ಸ್ ಮಾಲ್ ಆಫ್ ಏಷ್ಯಾದಲ್ಲಿ. ಹೆಸರು ಆ್ಯಪಲ್ ಹೆಬ್ಬಾಳ. ತೆರೆದು 17 ದಿನಕ್ಕೆ ಐಫೋನ್ 17 ಮಾರಾಟ ಬಂತು. ಮೆಟ್ರೊ ಹತ್ತಿ ಹೋಗಿ ಇಳಿಯುವ ಜಾಗವಲ್ಲ ಅದು. ಹೆಬ್ಬಾಳ ಫ್ಲೈಓವರ್ ದಾಟಿಯೇ ಹೋಗಬೇಕು. ಊರ ದಕ್ಷಿಣದಿಂದ ಬರುವವರು ಬೆಳಕು ಹರಿಯುವ ಮುಂಚೆ ಹೊರಡುವುದೇ ಮೇಲು. ಅಂದಹಾಗೆ, ದೇವನಹಳ್ಳಿ ಹತ್ತಿರದ ಫಾಕ್ಸ್‌ಕಾನ್ ಕಾರ್ಖಾನೆಯಲ್ಲೂ ಕೋಲಾರದ ನರಸಾಪುರದ ಟಾಟಾ ಕಾರ್ಖಾನೆಯಲ್ಲೂ ಐಫೋನ್ ಜೋಡಣೆ ನಡೆಯುತ್ತದೆ. ಪಕ್ಕದ ಊರಲ್ಲಿ ಬೆಳೆದ ಸೊಪ್ಪಿನ ಹಾಗೆ ಇಲ್ಲಿ ಅಗ್ಗವಾಗಿ ಸಿಗುತ್ತದೆ ಎಂದುಕೊಂಡರೆ ಇಲ್ಲ, ಬೆಲೆ ಎಲ್ಲ ಕಡೆ ಒಂದೇ.

ಸ್ಯಾಮ್‌ಸಂಗ್‌ನವರು 2018ರಲ್ಲಿ ಬ್ರಿಗೇಡ್ ರಸ್ತೆಯ ಹಳೆಯ ಒಪೆರಾ ಹೌಸ್ ಕಟ್ಟಡವನ್ನು ಸರಿಮಾಡಿ ಅಂಗಡಿ ಮಾಡಿಕೊಂಡರು. ಎಂ.ಜಿ. ರಸ್ತೆ ಮೆಟ್ರೊದಲ್ಲಿ ಇಳಿದರೆ ನಡೆದೇ ಹೋಗಬಹುದು. ಕೊಳ್ಳದಿದ್ದರೂ ಫೋನನ್ನು ಕೈಯಲ್ಲಿ ಹಿಡಿದು ನೋಡಲು ಒಳ್ಳೆಯ ಜಾಗ.

ದೊಡ್ಡ ಅಂಗಡಿಗಳಲ್ಲಿ ಚೌಕಾಸಿಗೆ ಸ್ವಲ್ಪ ಅವಕಾಶ ಇರುತ್ತದೆ. ಬೆಲೆಯಲ್ಲಿ ಅಲ್ಲ, ಜೊತೆಗೆ ಕೊಡುವುದರಲ್ಲಿ. ಆದರೆ ಮೊದಲ ದಿನ ಅವರ ಕೈ ಮೇಲು. ಒಮ್ಮೆ ನಾನು 2,000 ಕಟ್ಟಿ ಬುಕ್ ಮಾಡಿದ್ದೆ. ಫೋನ್ ಬಂದ ದಿನ ಹೋದರೆ, 'ಕವರ್ ಮತ್ತೆ ಇನ್ಶೂರೆನ್ಸ್ ಜೊತೆಗೆ ತಗೊಂಡ್ರೆ ಈಗ್ಲೇ ಸಿಗುತ್ತೆ ಸಾರ್, ಬರೀ ಫೋನ್ ಅಂದ್ರೆ ಮುಂದಿನ ವಾರ' ಅಂದರು. ಬುಕಿಂಗ್ ರಸೀದಿಯಲ್ಲಿ ಹಾಗೇನೂ ಬರೆದಿರಲಿಲ್ಲ. ಅದನ್ನೇ ಮೇಜಿನ ಮೇಲಿಟ್ಟು ಮ್ಯಾನೇಜರ್ ಕರೆಯಿರಿ ಅಂದೆ. ಹತ್ತು ನಿಮಿಷದಲ್ಲಿ ಬರೀ ಫೋನ್ ಸಿಕ್ಕಿತು. ಆದ್ದರಿಂದ ಮುಂಗಡ ಕಟ್ಟುವಾಗಲೇ ಮಾದರಿ, ಬಣ್ಣ, ಸ್ಟೋರೇಜ್, ಬೆಲೆ, ಬೇಡವೆಂದರೆ ದುಡ್ಡು ವಾಪಸ್ ಎಂಬ ಮಾತು ಇವಿಷ್ಟನ್ನೂ ಬರೆಸಿಕೊಳ್ಳಿ.

ಆನ್‌ಲೈನ್ ಆದರೆ ಮುಂಚೆಯೇ ಲಾಗಿನ್ ಆಗಿ, ವಿಳಾಸ, ಕಾರ್ಡು ಸೇವ್ ಮಾಡಿಟ್ಟಿರಿ. 5.30ಕ್ಕೆ ಬುಕಿಂಗ್ ಅಂದರೆ 5.25ಕ್ಕೇ ಆ್ಯಪ್ ತೆರೆದು ಕೂರಿ. ಮಾರುವವರು ಯಾರು ಎಂದು ನೋಡಿ. ಹೆಸರೇ ಕೇಳದ ಮಾರಾಟಗಾರ ಐದು ಸಾವಿರ ಕಡಿಮೆಗೆ ಕೊಡುತ್ತಿದ್ದರೆ ಬಿಡಿ. 'ಓಪನ್ ಬಾಕ್ಸ್ ಡೆಲಿವರಿ' ಇದ್ದರೆ ಅದನ್ನೇ ಆರಿಸಿ. ತಂದವರ ಎದುರೇ ಬಾಕ್ಸ್ ತೆರೆಸಿ, ಫೋನ್ ನೋಡಿ, ಆಮೇಲೆ ಒಟಿಪಿ ಹೇಳಿ. ಅಪಾರ್ಟ್‌ಮೆಂಟಿನ ಗೇಟಲ್ಲಿ ಸೆಕ್ಯುರಿಟಿಯವರ ಕೈಗೆ ಕೊಟ್ಟು ಹೋಗಲು ಬಿಡಬೇಡಿ. ಓಪನ್ ಬಾಕ್ಸ್ ಇಲ್ಲದಿದ್ದರೆ ಬಾಕ್ಸ್ ತೆರೆಯುವುದನ್ನು ಒಂದೇ ವಿಡಿಯೋದಲ್ಲಿ, ಎಲ್ಲೂ ನಿಲ್ಲಿಸದೆ ತೆಗೆಯಿರಿ. ವಿಳಾಸದ ಚೀಟಿಯಿಂದ ಶುರು ಮಾಡಿ.

ಎಸ್.ಪಿ. ರಸ್ತೆ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಕಡೆ ಮೊದಲ ದಿನ ಫೋನಿಗಾಗಿ ಹೋಗುವುದು ಬೇಡ. 'ಬಿಲ್ ಬೇಡ ಅಂದ್ರೆ ಎರಡು ಸಾವಿರ ಕಮ್ಮಿ' ಎಂದು ಯಾರಾದರೂ ಅಂದರೆ ನಕ್ಕು ಮುಂದೆ ಹೋಗಿ. ಹೊರದೇಶದಿಂದ ತಂದ ಫೋನೂ ಇರಬಹುದು. ಅಮೆರಿಕದ ಐಫೋನುಗಳಲ್ಲಿ 14ನೇ ಮಾದರಿಯಿಂದಲೇ ಸಿಮ್ ಹಾಕುವ ಟ್ರೇ ಇಲ್ಲ. ಆದರೆ ಟೆಂಪರ್ಡ್ ಗ್ಲಾಸ್, ಕೇಬಲ್, ಕವರ್ ಬೇಕೆಂದರೆ ಎಸ್.ಪಿ. ರಸ್ತೆಯಂಥ ಜಾಗ ಇನ್ನೊಂದಿಲ್ಲ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದರೆ ಹತ್ತಿರ.

ಒಂದು ವಾರ ಮೊದಲು: ಹಳೆಯ ಫೋನಿನ ಕೆಲಸ

ಇದನ್ನು ಯಾರೂ ಮಾಡುವುದಿಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನೀವು ಕೊಳ್ಳುವ ಫೋನಿನಲ್ಲಿ ಸಿಮ್ ಟ್ರೇ ಇದೆಯಾ ನೋಡಿ. ಇದ್ದರೆ ನಿಮ್ಮ ಈಗಿನ ಪ್ಲಾಸ್ಟಿಕ್ ಸಿಮ್ಮನ್ನೇ ತೆಗೆದು ಹಾಕಿಕೊಳ್ಳಿ. ಸಿಮ್ ಬದಲಾಗದ ಕಾರಣ 24 ಗಂಟೆಯ ತಡೆ ಇಲ್ಲ. ಐಫೋನ್ ಏರ್ ಥರದ ಫೋನಾದರೆ ಟ್ರೇ ಇಲ್ಲವೇ ಇಲ್ಲ, ಇ-ಸಿಮ್ ಒಂದೇ ಗತಿ. ಆಗ ಹೊಸ ಫೋನ್ ಬಂದ ಮೇಲೆ ಶನಿವಾರ ರಾತ್ರಿ ಬದಲಿಸಿ. ಭಾನುವಾರ ಎಸ್ಸೆಮ್ಮೆಸ್ ಇಲ್ಲದೆ ಹೇಗೋ ಕಳೆಯುತ್ತದೆ. ಸಂಬಳದ ದಿನ, ತತ್ಕಾಲ್ ಟಿಕೆಟ್ ಮಾಡುವ ದಿನ, ಮಕ್ಕಳ ಫೀಸ್ ಕಟ್ಟುವ ಕೊನೇ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ. ಹಳೆಯ ಫೋನಿನಲ್ಲೇ ಮೊದಲು ಇ-ಸಿಮ್ ಮಾಡಿಕೊಳ್ಳೋಣ ಎಂದು ಕೆಲವರು ಯೋಚಿಸುತ್ತಾರೆ. ಆಮೇಲೆ ಅದನ್ನು ಹೊಸದಕ್ಕೆ ಸಾಗಿಸುವುದು ಇನ್ನೊಂದು ಕೆಲಸ. ಸುಮ್ನೆ ಎರಡು ಸಲ ಯಾಕೆ?

ಯುಪಿಐ ಲೈಟ್ ಬಳಸುತ್ತೀರಾ? ಪಿನ್ ಒತ್ತದೆ ಸಣ್ಣ ಪಾವತಿ ಮಾಡುವ ಸೌಲಭ್ಯ ಅದು. ಗರಿಷ್ಠ 5,000 ರೂಪಾಯಿ ಇಡಬಹುದು. ಈ ದುಡ್ಡು ಆ ಫೋನಿಗೆ ಅಂಟಿಕೊಂಡಿರುತ್ತದೆ. ಹೊಸ ಫೋನಿನಲ್ಲಿ ಅದೇ ಆ್ಯಪ್ ಹಾಕಿದರೂ ತಾನಾಗಿ ಬಂದುಬಿಡುವುದಿಲ್ಲ. ಹಳೆಯ ಫೋನಿನಲ್ಲೇ ಲೈಟ್ ಖಾತೆ ಮುಚ್ಚಿ. ದುಡ್ಡು ಬ್ಯಾಂಕ್ ಖಾತೆಗೆ ವಾಪಸ್ ಬರುತ್ತದೆ.

ಆಫೀಸಿನ ಲಾಗಿನ್‌ಗೆ ಆರು ಅಂಕಿಯ ಕೋಡ್ ಕೊಡುವ ಗೂಗಲ್ ಅಥೆಂಟಿಕೇಟರ್ ಥರದ ಆ್ಯಪ್ ಇದ್ದರೆ, ಅದರಲ್ಲಿ ಖಾತೆಗಳನ್ನು ಸಾಗಿಸುವ ಆಯ್ಕೆ ಎಲ್ಲಿದೆ ಎಂದು ಈಗಲೇ ನೋಡಿಟ್ಟುಕೊಳ್ಳಿ. ಹಳೆಯದು ಕ್ಯೂಆರ್ ತೋರಿಸುತ್ತದೆ, ಹೊಸದು ಸ್ಕ್ಯಾನ್ ಮಾಡುತ್ತದೆ. ಅಂದರೆ ಎರಡೂ ಫೋನು ಒಟ್ಟಿಗೆ ಮೇಜಿನ ಮೇಲೆ ಇರಬೇಕು. ಹಳೆಯದು ಅಂಗಡಿಯವರ ಡ್ರಾಯರಿನಲ್ಲಿದ್ದರೆ ಸೋಮವಾರ ಆಫೀಸಿನ ಐಟಿಯವರ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಫೋಟೋ ಬ್ಯಾಕಪ್ ಮಾಡಿ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಆ್ಯಪಲ್ ಐಕ್ಲೌಡ್ 5 ಜಿಬಿ. ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಅದೇ 15 ಜಿಬಿಯಲ್ಲೇ ಎಣಿಕೆಯಾಗುತ್ತದೆ. ಜಾಗ ಸಾಲದಿದ್ದರೆ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಎಳೆದುಕೊಳ್ಳಿ. ಜೊತೆಗೆ ಫ್ಯಾಮಿಲಿ ಗ್ರೂಪಿನ 'ಶುಭೋದಯ' ಚಿತ್ರಗಳನ್ನು ಅಳಿಸಿ. ನನ್ನ ಅಮ್ಮನ ಫೋನಿನಲ್ಲಿ ಅದೇ ಹನ್ನೊಂದು ಜಿಬಿ ಇತ್ತು.

ಆ ದಿನ ಜೇಬಲ್ಲಿ ಏನಿರಬೇಕು

ಬುಕಿಂಗ್ ರಸೀದಿ, ಬುಕ್ ಮಾಡಿದವರದೇ ಗುರುತಿನ ಚೀಟಿ, ಆಫರ್ ಇರುವ ಕಾರ್ಡು. ಹಳೆಯ ಫೋನು ಪೂರ್ತಿ ಚಾರ್ಜ್ ಆಗಿರಲಿ, ಪವರ್ ಬ್ಯಾಂಕೂ ಇರಲಿ. ಬಿಡಿಬಿಡಿಯಾಗಿ ಐನೂರು ರೂಪಾಯಿ ನಗದು. ಮೆಟ್ರೊ ಟಿಕೆಟನ್ನು ವಾಟ್ಸ್‌ಆ್ಯಪ್‌ನಲ್ಲಿ ತೆಗೆಯುವ ಅಭ್ಯಾಸ ಇದ್ದರೂ ಆವತ್ತು ಕಾರ್ಡ್ ಇಟ್ಟುಕೊಳ್ಳಿ. ತಿಂಡಿ ಮುಗಿಸಿಯೇ ಹೋಗಿ.

ಅಂಗಡಿಯಲ್ಲಿ

ಬಾಕ್ಸ್ ಕೈಗೆ ಬಂದ ತಕ್ಷಣ ತೆರೆಯಬೇಡಿ. ಮೊದಲು ಸೀಲ್ ನೋಡಿ. ಹರಿದು ಮತ್ತೆ ಅಂಟಿಸಿದ ಗುರುತು ಇದೆಯಾ? ಆಮೇಲೆ ಹಿಂಬದಿಯ ಚೀಟಿ ಓದಿ. ಮಾದರಿ, ಬಣ್ಣ, ಸ್ಟೋರೇಜ್, ಎಂಆರ್‌ಪಿ, ತಯಾರಾದ ತಿಂಗಳು, ಐಎಂಇಐ ಎಲ್ಲ ಅಲ್ಲೇ ಇರುತ್ತದೆ. ಐಎಂಇಐ ಅಂದರೆ 15 ಅಂಕಿಯ ಗುರುತಿನ ಸಂಖ್ಯೆ. ಎರಡು ಸಿಮ್ ಫೋನಿಗೆ ಎರಡು ಇರುತ್ತವೆ.

ಬಾಕ್ಸ್ ತೆರೆದು ಫೋನ್ ಆನ್ ಆದ ಮೇಲೆ ಡಯಲರ್‌ನಲ್ಲಿ *#06# ಒತ್ತಿ. ಪರದೆಯ ಮೇಲೆ ಬರುವ ಸಂಖ್ಯೆ, ಬಾಕ್ಸಿನ ಸಂಖ್ಯೆ, ಬಿಲ್ಲಿನ ಸಂಖ್ಯೆ ಮೂರೂ ಒಂದೇ ಇರಬೇಕು. ಅನುಮಾನ ಇದ್ದರೆ ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಒಂದು ಜಾಗ ಬಿಟ್ಟು, ಐಎಂಇಐ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಆ ಸಂಖ್ಯೆ ಯಾವ ಫೋನಿನದು ಎಂದು ಉತ್ತರ ಬರುತ್ತದೆ. ಸರ್ಕಾರದ ಸಂಚಾರ್ ಸಾಥಿ ಆ್ಯಪಿನಲ್ಲೂ ನೋಡಬಹುದು.

ಬಿಲ್ಲಿನ ಮೇಲೆ ಐಎಂಇಐ ಇರಲೇಬೇಕು. ವಾರಂಟಿಗೆ ಮಾತ್ರ ಅಲ್ಲ. ನಾಳೆ ಫೋನ್ ಕಳೆದುಹೋದರೆ ಸರ್ಕಾರದ ಸಿಇಐಆರ್ ಎಂಬ ವ್ಯವಸ್ಥೆಯ ಮೂಲಕ ಅದನ್ನು ಬ್ಲಾಕ್ ಮಾಡಿಸಬಹುದು. ದೇಶದ ಎಲ್ಲ ಕಡೆ 2023ರ ಮೇನಲ್ಲಿ ಶುರುವಾದ ವ್ಯವಸ್ಥೆ ಅದು. ಪೊಲೀಸ್ ದೂರಿನ ಪ್ರತಿಯ ಜೊತೆ ಖರೀದಿ ಬಿಲ್ಲನ್ನೂ ಕೇಳುತ್ತಾರೆ. ಬಿಲ್ಲಿನ ಫೋಟೋ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ. ಕಾಗದದ ಬಿಲ್ ಒಂದು ವರ್ಷದಲ್ಲಿ ಬಿಳಿ ಹಾಳೆ ಆಗಿಬಿಡುತ್ತದೆ.

ಫೋನನ್ನು ಅಲ್ಲೇ ಹತ್ತು ನಿಮಿಷ ನೋಡಿ. ಪೂರ್ತಿ ಬಿಳಿ ಚಿತ್ರ, ಆಮೇಲೆ ಪೂರ್ತಿ ಕಪ್ಪು ಚಿತ್ರ ಹಾಕಿ ಚುಕ್ಕೆ, ಗೆರೆ ಇದೆಯಾ ನೋಡಿ. ಮುಂದಿನ, ಹಿಂದಿನ ಎಲ್ಲ ಕ್ಯಾಮೆರಾದಲ್ಲೂ ಒಂದೊಂದು ಫೋಟೋ. ಒಂದು ಆಡಿಯೋ ರೆಕಾರ್ಡ್ ಮಾಡಿ ಕೇಳಿ. ಕೇಬಲ್ ಚುಚ್ಚಿ ಚಾರ್ಜ್ ಆಗುತ್ತಾ ನೋಡಿ. ಚಾರ್ಜರ್ ಬಾಕ್ಸಿನಲ್ಲಿ ಇರುತ್ತದೆ ಎಂದು ಕಾಯಬೇಡಿ. ಆ್ಯಪಲ್ 2020ರಲ್ಲೇ ಕೈಬಿಟ್ಟಿತು, ಸ್ಯಾಮ್‌ಸಂಗ್ ದುಬಾರಿ ಮಾದರಿಗಳಲ್ಲಿ 2021ರಿಂದ.

ಈಗ ಅಂಗಡಿಯ ಹುಡುಗ ನಿಮ್ಮ ಹಳೆಯ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, 'ಎಕ್ಸ್‌ಚೇಂಜ್ ಈಗ್ಲೇ ಮಾಡ್ಬಿಡಿ ಸಾರ್, ನಾಳೆ ರೇಟ್ ಬೀಳುತ್ತೆ' ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಎಕ್ಸ್‌ಚೇಂಜ್ ಬೋನಸ್ ಬಿಲ್ಲಿನ ಜೊತೆಗೇ ಸಿಗುವುದೂ ಉಂಟು. ಹಾಗಿದ್ದರೆ ಎರಡು ದಾರಿ. ಮನೆಯಲ್ಲಿ ಬಿದ್ದಿರುವ ಬೇರೆ ಹಳೆಯ ಫೋನನ್ನು ಕೊಡಿ. ಇಲ್ಲವೇ ಅಂಗಡಿಯ ವೈಫೈ ಹಾಕಿಕೊಂಡು, ಅಲ್ಲೇ ಕುರ್ಚಿ ಎಳೆದು ಕೂತು, ಮುಂದೆ ಹೇಳುವುದನ್ನೆಲ್ಲ ಮುಗಿಸಿ ಆಮೇಲೆ ಕೊಡಿ. ಎರಡು ಗಂಟೆ ಆದರೂ ಆಗಲಿ. ಬೋನಸ್ ಎರಡು ಮೂರು ಸಾವಿರದ್ದಾದರೆ ನಾನಂತೂ ಬಿಟ್ಟುಬಿಡುತ್ತೇನೆ.

ಗ್ಲಾಸ್ ಅಂಟಿಸುವುದು

ಅಂಗಡಿಯಲ್ಲಿ ಸಾವಿರಕ್ಕಿಂತ ಜಾಸ್ತಿ ಹೇಳುವ ಗ್ಲಾಸಿಗೆ ಎಸ್.ಪಿ. ರಸ್ತೆಯಲ್ಲಿ ಕಾಲು ಭಾಗವೂ ಆಗುವುದಿಲ್ಲ. ನಾನು ಹೋಗುವ ಕಡೆ ಒಂದು ಮೇಜು, ಒಂದು ಟ್ಯೂಬ್‌ಲೈಟ್, ಇಷ್ಟೇ ಅಂಗಡಿ. ಹುಡುಗ ಮೊದಲು ಫ್ಯಾನ್ ಆರಿಸುತ್ತಾನೆ. ಒದ್ದೆ ಟಿಶ್ಯೂವಿನಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಓರೆಯಾಗಿ ಹಿಡಿಯುತ್ತಾನೆ. ನಮಗೆ ಕಾಣದ ಧೂಳಿನ ಕಣ ಅವನಿಗೆ ಕಾಣುತ್ತದೆ. ಸಣ್ಣ ಅಂಟುಚೀಟಿಯಿಂದ ಅದನ್ನು ಟಪ್ ಟಪ್ ಎಂದು ಎತ್ತುತ್ತಾನೆ. ಉಸಿರು ಹಿಡಿದು ಗ್ಲಾಸನ್ನು ಮೇಲಿನ ಅಂಚಿಗೆ ತಾಗಿಸಿ ಬಿಡುತ್ತಾನೆ. ಅದು ನೀರು ಹರಡಿದ ಹಾಗೆ ತಾನೇ ಕೆಳಗೆ ಹರಡಿಕೊಳ್ಳುತ್ತದೆ. ಮನೆಯಲ್ಲಿ ನಾನೇ ಅಂಟಿಸಿದ ಮೂರರಲ್ಲಿ ಮೂರಕ್ಕೂ ಗುಳ್ಳೆ ಬಂದಿತ್ತು.

ಮನೆಗೆ ಬಂದ ಮೇಲೆ: ಯಾವುದು ಮೊದಲು, ಯಾವುದು ಆಮೇಲೆ

ಸಿಮ್ ಇನ್ನೂ ಹಳೆಯ ಫೋನಿನಲ್ಲೇ ಇರಲಿ. ಎರಡೂ ಫೋನುಗಳನ್ನು ಚಾರ್ಜಿಗೆ ಹಾಕಿ. ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಬೇಕು ಎಂಬುದು ಹಳೆಯ ಕಾಲದ ಬ್ಯಾಟರಿಯ ಮಾತು. ಈಗಿನ ಲಿಥಿಯಂ ಬ್ಯಾಟರಿಗೆ ಬೇಕಿಲ್ಲ.

1. ಹೊಸ ಫೋನಿಗೆ ಮನೆಯ ವೈಫೈ ಕೊಡಿ. ಭಾಷೆ ಕೇಳಿದಾಗ ಆಂಡ್ರಾಯ್ಡ್‌ನಲ್ಲಿ ಕನ್ನಡವನ್ನೇ ಆರಿಸಬಹುದು. ಮೊದಲ ದಿನದ ಫೋನಿಗೆ ಸಾಮಾನ್ಯವಾಗಿ ಒಂದು ಅಪ್‌ಡೇಟ್ ಕಾದಿರುತ್ತದೆ. ಮಾರಾಟದ ಫೋನು ವಾರಗಳ ಹಿಂದೆಯೇ ಬಾಕ್ಸ್ ಸೇರಿರುತ್ತದೆ, ಅದರ ನಂತರ ಸಿಕ್ಕ ದೋಷಗಳನ್ನೆಲ್ಲ ಈ ಅಪ್‌ಡೇಟ್‌ನಲ್ಲಿ ಸರಿಮಾಡಿರುತ್ತಾರೆ.

2. ಹಳೆಯದರಿಂದ ಸಾಗಿಸುವ ಕೆಲಸ. ಐಫೋನಿನಿಂದ ಐಫೋನಿಗಾದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು, ತಾನೇ ಕೇಳುತ್ತದೆ. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಕೇಬಲ್ ಹಾಕಿದರೆ ಬೇಗ ಆಗುತ್ತದೆ. ಸ್ಯಾಮ್‌ಸಂಗ್‌ಗೆ ಸ್ಮಾರ್ಟ್ ಸ್ವಿಚ್ ಇದೆ. ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರು ಇಲ್ಲಿ ಹುಷಾರು. 'ಮೂವ್ ಟು ಐಒಎಸ್' ಆ್ಯಪ್ ಬಳಸಿ ವಾಟ್ಸ್‌ಆ್ಯಪ್ ಮಾತುಕತೆ ಸಾಗಿಸಬೇಕೆಂದರೆ ಐಫೋನ್ ಹೊಚ್ಚಹೊಸದಾಗಿರಬೇಕು, ಅಥವಾ ರೀಸೆಟ್ ಮಾಡಿದ್ದಾಗಿರಬೇಕು. 'ಆಮೇಲೆ ಮಾಡೋಣ' ಎಂದು ಮುಂದೆ ಒತ್ತಿದರೆ ಮತ್ತೆ ಎಲ್ಲ ಅಳಿಸಿ ಮೊದಲಿಂದ ಶುರು ಮಾಡಬೇಕಾಗುತ್ತದೆ. ನನ್ನದು 90 ಜಿಬಿ ಇತ್ತು, ಒಂದೂವರೆ ಗಂಟೆ ಹಿಡಿಯಿತು. ನಡುವೆ ಫೋನ್ ಎತ್ತಿ ಯೂಟ್ಯೂಬ್ ನೋಡಬೇಡಿ. ಊಟ ಮಾಡಿಬನ್ನಿ.

3. ಸಿಮ್. ಹಳೆಯದನ್ನು ಆಫ್ ಮಾಡಿ, ಟ್ರೇ ಎಳೆದು ಸಿಮ್ ತೆಗೆದು ಹೊಸದಕ್ಕೆ ಹಾಕಿ. ಒಂದು ಕರೆ ಮಾಡಿ, ಒಂದು ಎಸ್ಸೆಮ್ಮೆಸ್ ಕಳಿಸಿ. ಎರಡೂ ಹೋದ ಮೇಲೆ ಮುಂದಿನ ಹೆಜ್ಜೆ.

4. ವಾಟ್ಸ್‌ಆ್ಯಪ್. ಇದು ಒಟಿಪಿ ಕೇಳುತ್ತದೆ. ಎರಡೂ ಆಂಡ್ರಾಯ್ಡ್ ಆದರೆ ಹಳೆಯ ಫೋನಿನ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ ಸಾಗಿಸುವ ಆಯ್ಕೆ ಇದೆ. ಹೊಸದು ತೋರಿಸುವ ಕ್ಯೂಆರ್ ಕೋಡನ್ನು ಹಳೆಯದರಿಂದ ಸ್ಕ್ಯಾನ್ ಮಾಡಿದರೆ ಸಾಕು, ಕ್ಲೌಡ್ ಬೇಕಿಲ್ಲ.

5. ಯುಪಿಐ. ಆ್ಯಪ್ ನಿಮ್ಮ ಫೋನಿನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸಿ ಇದು ನಿಮ್ಮದೇ ಸಿಮ್ ಎಂದು ಖಚಿತ ಮಾಡಿಕೊಳ್ಳುತ್ತದೆ. ಹಾಗಾಗಿ ಪ್ಲಾನಿನಲ್ಲಿ ಎಸ್ಸೆಮ್ಮೆಸ್ ಇರಬೇಕು. ಎರಡು ಸಿಮ್ ಇದ್ದರೆ ಬ್ಯಾಂಕಿಗೆ ಕೊಟ್ಟ ನಂಬರನ್ನೇ ಆರಿಸಿ. ಯುಪಿಐ ಪಿನ್ ಹಳೆಯದೇ ನಡೆಯುತ್ತದೆ, ಬದಲಿಸಬೇಕಿಲ್ಲ. ಫೋನ್ ಬದಲಾದ ಮೊದಲ 24 ಗಂಟೆ ಹಲವು ಬ್ಯಾಂಕುಗಳು 5,000 ರೂಪಾಯಿವರೆಗೆ ಮಾತ್ರ ಬಿಡುತ್ತವೆ, ಐಫೋನಿನಲ್ಲಿ ಇನ್ನೂ ಹೆಚ್ಚು ಹೊತ್ತು. ಬಾಡಿಗೆ ಕಟ್ಟುವುದಿದ್ದರೆ ಹಿಂದಿನ ದಿನವೇ ಕಟ್ಟಿಬಿಡಿ. ಎಲ್ಲ ಆದ ಮೇಲೆ ಮನೆಯವರಿಗೇ ಒಂದು ರೂಪಾಯಿ ಕಳಿಸಿ ನೋಡಿ.

6. ಬ್ಯಾಂಕ್ ಆ್ಯಪ್, ಅಥೆಂಟಿಕೇಟರ್, ಡಿಜಿಲಾಕರ್. ಒಂದೊಂದನ್ನೂ ತೆರೆದು ಒಳಗೆ ಹೋಗಿ ನೋಡಿ. ಆ್ಯಪ್ ಬಂದಿದೆ ಅಂದಮಾತ್ರಕ್ಕೆ ಲಾಗಿನ್ ಬಂದಿದೆ ಎಂದಲ್ಲ.

7. ಕೀಬೋರ್ಡ್‌ಗೆ ಕನ್ನಡ ಸೇರಿಸಿ. ಜಿಬೋರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಸುವ ಆಯ್ಕೆಯೂ ಇದೆ, ಮಾತಾಡಿ ಬರೆಸುವುದೂ ಇದೆ. ಐಫೋನಿನ ಕೀಬೋರ್ಡ್ ಪಟ್ಟಿಯಲ್ಲೂ ಕನ್ನಡ ಇದೆ.

8. ಕಳೆದ ಫೋನ್ ಹುಡುಕುವ ಸೌಲಭ್ಯ ಆನ್ ಆಗಿದೆಯಾ ನೋಡಿ. ತುರ್ತು ಸಂಪರ್ಕಕ್ಕೆ ಮನೆಯವರ ನಂಬರ್ ಹಾಕಿ.

ಸೆಪ್ಟೆಂಬರಿನಲ್ಲಿ ಕೊಂಡ ಫೋನು ಆಯುಧ ಪೂಜೆಗೆ ಕೂರುವುದು ಖಂಡಿತ. ಕುಂಕುಮವನ್ನು ಬಾಕ್ಸಿಗೆ ಹಚ್ಚಿ. ಸ್ಪೀಕರಿನ ಸಣ್ಣ ತೂತಿಗೆ ಹೋದ ಕುಂಕುಮ ಮುಂದಿನ ದಸರಾವರೆಗೂ ಅಲ್ಲೇ ಇರುತ್ತದೆ.

ಫೋನೇ ಕೆಟ್ಟದ್ದು ಬಂದರೆ

ಮೊದಲ ಬ್ಯಾಚಿನಲ್ಲಿ ಇದು ಆಗುತ್ತದೆ. ಬದಲಿಸಿಕೊಡುವ ಗಡುವು ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ಕೆಲವೇ ದಿನ. ಅದಕ್ಕೇ ಮೊದಲ ವಾರ ಎಲ್ಲವನ್ನೂ ಬಳಸಿ ನೋಡಿ. ಎರಡನೇ ಸಿಮ್ ಜಾಗ, ಜಿಪಿಎಸ್, ಬ್ಲೂಟೂತ್, ರಾತ್ರಿ ಫೋಟೋ. ತೊಂದರೆ ಕಂಡರೆ ವಿಡಿಯೋ ತೆಗೆದು ಅಂಗಡಿಗೆ ಹೋಗಿ. 'ಸರ್ವಿಸ್ ಸೆಂಟರಿಗೆ ಹೋಗಿ' ಅಂದರೆ ಹೋಗಿ, ಆದರೆ ಅಲ್ಲಿ ಜಾಬ್ ಶೀಟ್, ಅಂದರೆ ನಿಮ್ಮ ದೂರನ್ನು ಬರೆದುಕೊಂಡ ಚೀಟಿ, ಪಡೆಯದೆ ಬರಬೇಡಿ. ಬಾಯಿಮಾತಲ್ಲಿ 'ಸಾಫ್ಟ್‌ವೇರ್ ಇಶ್ಯೂ' ಎಂದು ಕಳಿಸಿದರೆ ಗಡುವು ದಾಟಿಹೋಗುತ್ತದೆ. ಯಾರೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ವಸ್ತುವಿಗೆ ಅಲ್ಲಿ ಶುಲ್ಕವಿಲ್ಲ.

ಕೊನೆಗೆ ಹಳೆಯ ಫೋನು

ಒಂದು ವಾರ ಡ್ರಾಯರಿನಲ್ಲಿ ಇಡಿ. ಏನಾದರೂ ಮರೆತಿದ್ದರೆ ಆ ವಾರದಲ್ಲೇ ಗೊತ್ತಾಗುತ್ತದೆ. ಆಮೇಲೆ ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆಯಿರಿ, ಐಫೋನ್ ಆದರೆ ಆ್ಯಪಲ್ ಖಾತೆಯಿಂದ ಸೈನ್ ಔಟ್ ಆಗಿ. ಅದಾದ ಮೇಲೆಯೇ ರೀಸೆಟ್. ಖಾತೆ ತೆಗೆಯದೆ ಅಳಿಸಿದರೆ ಕೊಂಡವರಿಗೆ ಫೋನ್ ತೆರೆಯದೆ, ನಿಮ್ಮ ಪಾಸ್‌ವರ್ಡ್ ಕೇಳುತ್ತಾ ಕೂರಬಹುದು. ಟ್ರೇ ಎಳೆದು ಮೆಮೊರಿ ಕಾರ್ಡ್ ಉಳಿದಿದೆಯಾ ನೋಡಿ.

ಅಂಗಡಿಗೇ ಕೊಡಿ, ಪರಿಚಯದವರಿಗೇ ಮಾರಿ, ಒಂದು ರಸೀದಿ ಬರೆಸಿಕೊಳ್ಳಿ. ತಾರೀಖು, ಕೊಂಡವರ ಹೆಸರು, ಸಹಿ, ಐಎಂಇಐ. ಆ ಫೋನಿನಿಂದ ನಾಳೆ ಯಾರಾದರೂ ಏನಾದರೂ ಮಾಡಿದರೆ ಪೊಲೀಸರು ಹುಡುಕಿಕೊಂಡು ಬರುವುದು ಮೊದಲು ನಿಮ್ಮ ಮನೆಗೆ. ಎರಡು ಸಿಮ್ ಫೋನಾದರೆ ಎರಡೂ ಐಎಂಇಐ ಬರೆಸಿ. ಅಂಗಡಿಯವರು ಹೆಚ್ಚಾಗಿ ಒಂದನ್ನೇ ಬರೆದು ಕೊಡುತ್ತಾರೆ.